ನಿವೃತ್ತರು ಗುಂಪು ಸೇರಿದರೆ ಆರೋಗ್ಯಕ್ಕೆ ನಿಜವಾಗಿ ಲಾಭ ಉಂಟಾ? ಕಾರವಾರದಲ್ಲಿ ಯಾವುದು ಸರಿ, ಮಳೆಗಾಲಕ್ಕೆ ಏನು ದಾರಿ?

ಕೋಡಿಬಾಗದ ಮಗಳು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 64 ವರ್ಷ. ಶಿರಸಿ ಹತ್ತಿರದ ಹಳ್ಳಿಯವರು, ನಿವೃತ್ತಿ ಆದ ಮೇಲೆ ಅಮ್ಮನ ಜೊತೆ ಕಾರವಾರಕ್ಕೆ ಬಂದಿದ್ದಾರೆ. ಬಿ.ಪಿ.ಗೆ ಒಂದು ಮಾತ್ರೆ, ಸಕ್ಕರೆಗೆ ಒಂದು. ಮೆಟ್ಟಿಲು ಇಳಿಯುವಾಗ ಎಡ ಮಂಡಿ ನೋಯುತ್ತದೆ. ಊರಲ್ಲಿದ್ದಾಗ ತಾಳಮದ್ದಲೆಯಲ್ಲಿ (ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ) ಅರ್ಥ ಹೇಳುತ್ತಿದ್ದರು, ಅಂದರೆ ಪಾತ್ರದ ಮಾತು ಆಡುತ್ತಿದ್ದರು. ಇಲ್ಲಿ ಯಾರ ಪರಿಚಯವೂ ಇಲ್ಲ, ಬೆಳಗಾದರೆ ಟಿ.ವಿ. ಮುಂದೆ ಕೂತರೆ ಮುಗಿಯಿತು. ಡಾಕ್ಟರು "ಯಾವುದಾದರೂ ಗುಂಪಿಗೆ ಸೇರಿಸಿ" ಅಂದರು. ಯಾವ ಗುಂಪು, ಎಷ್ಟು ಹೊತ್ತು ಎಂದು ಹೇಳಲಿಲ್ಲ.

ಕೇಳಬೇಕಾಗಿದ್ದು: ಇದರಿಂದ ಆರೋಗ್ಯಕ್ಕೆ ಅಳೆಯಬಹುದಾದ ಲಾಭ ಏನಾದರೂ ಇದೆಯಾ, ಸುಮ್ಮನೆ ಹೇಳುವ ಮಾತಾ? ಬೀಚಿನ ವಾಕಿಂಗ್ ಗುಂಪು ಒಳ್ಳೆಯದೋ, ಭಜನಾ ಮಂಡಳಿಯೋ? ಜೂನ್‌ನಲ್ಲಿ ಮಳೆ ಹಿಡಿದರೆ ನಾಲ್ಕು ತಿಂಗಳು ಹೊರಗೆ ಕಾಲಿಡುವುದೇ ಕಷ್ಟ, ಆಗ ಜನ ಏನು ಮಾಡುತ್ತಾರೆ? ಇರುವ ಗುಂಪಿಗೇ ಸೇರಬೇಕಾ, ನಾವೇ ಒಂದು ಕಟ್ಟಿಕೊಳ್ಳಬಹುದಾ?

---

ರೇತಿದಾರಿ

ಲಾಭದ ಲೆಕ್ಕ ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಈ ವಿಷಯದಲ್ಲಿ ಉತ್ಪ್ರೇಕ್ಷೆ ಜಾಸ್ತಿ. ಗುಂಪಾಗಿ ನಡೆಯುವವರ ಬಗ್ಗೆ ನಡೆದ 42 ಅಧ್ಯಯನಗಳನ್ನು ಒಟ್ಟು ಸೇರಿಸಿ 2015ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಸ್ಪೋರ್ಟ್ಸ್ ಮೆಡಿಸಿನ್‌ನಲ್ಲಿ ಒಂದು ವಿಶ್ಲೇಷಣೆ ಬಂತು. ಒಟ್ಟು 1,843 ಜನ. ಬಿ.ಪಿ.ಯ ಮೇಲಿನ ಅಂಕಿ ಸರಾಸರಿ 3.72, ಕೆಳಗಿನದು 3.14 ಇಳಿದಿತ್ತು. ಸುಮ್ಮನೆ ಕೂತಾಗಿನ ನಾಡಿಬಡಿತ ನಿಮಿಷಕ್ಕೆ ಸುಮಾರು 3 ಕಡಿಮೆಯಾಗಿತ್ತು. ಖಿನ್ನತೆ ಅಳೆಯುವ ಪಟ್ಟಿಯಲ್ಲೂ ಸುಧಾರಣೆ ಇತ್ತು. ಅಂದರೆ 160 ಇದ್ದದ್ದು 120ಕ್ಕೆ ಬರುವುದಿಲ್ಲ, ಮಾತ್ರೆ ಬಿಡುವ ಮಾತೇ ಇಲ್ಲ. ಆದರೆ ಆ ವರದಿಯಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಬೇರೆ: ಗುಂಪಿನಲ್ಲಿ ನಡೆಯುವವರು ನಡುವೆ ಬಿಟ್ಟುಹೋಗುವುದು ಕಡಿಮೆ. ಒಬ್ಬರೇ ಹೊರಟವರು ಮೂರನೇ ವಾರಕ್ಕೆ "ಇವತ್ತು ಬೇಡ" ಅನ್ನುತ್ತಾರೆ.

ಈಗ ಬೀಚಿನ ವಿಷಯ. ಸಡಿಲ ಮರಳಿನಲ್ಲಿ, ನಮ್ಮ ಕಡೆ ಹೇಳುವ ಹಾಗೆ ಒಣ ರೇತಿಯಲ್ಲಿ, ಅದೇ ವೇಗದಲ್ಲಿ ನಡೆಯಲು ಗಟ್ಟಿ ನೆಲಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಶಕ್ತಿ ಬೇಕು. ಒಳ್ಳೆಯ ವ್ಯಾಯಾಮ ಹೌದು, ಆದರೆ ಮೊದಲ ದಿನವೇ 64ರ ಬಿ.ಪಿ. ಮನುಷ್ಯನನ್ನು ಅದರಲ್ಲಿ ಇಳಿಸಬೇಡಿ. ನೀರಂಚಿನ ಒದ್ದೆ ರೇತಿ ಗಟ್ಟಿಯಾಗಿರುತ್ತದೆ, ಆದರೆ ಅದು ಸಮುದ್ರದ ಕಡೆ ವಾಲಿರುತ್ತದೆ. ಕಾಳಿ ನದಿಯ ಕಡೆ ನಡೆದರೆ ಸಮುದ್ರ ಎಡಕ್ಕೆ ಬರುತ್ತದೆ, ಎಡಗಾಲು ಪ್ರತಿ ಹೆಜ್ಜೆಗೂ ತಗ್ಗಿನಲ್ಲಿ ಬೀಳುತ್ತದೆ. ನಿಮ್ಮ ತಂದೆಗೆ ನೋವಿರುವುದೇ ಆ ಕಾಲಿನಲ್ಲಿ. ಹೋಗುವಾಗ ರೇತಿ, ಬರುವಾಗ ರಸ್ತೆ ಅಂತ ಮಾಡುವವರು ಬಹಳ. ಅವರಿಗೆ ಒಂದೇ ಕಡೆಯ ಕಾಲು, ಸೊಂಟ ಹಿಡಿದುಕೊಳ್ಳುವುದು ಇದೇ ಕಾರಣಕ್ಕೆ. ಮೊದಲ ಎರಡು ತಿಂಗಳು ಸಮತಟ್ಟಾದ ಕಾಂಕ್ರೀಟ್ ದಾರಿಯಲ್ಲೇ ನಡೆಯಲಿ. ಹಿಮ್ಮಡಿ ಬಿಗಿಯಾಗಿ ಹಿಡಿಯುವ ಬೂಟು ಇರಲಿ, ಹವಾಯಿ ಚಪ್ಪಲಿ ಬೇಡ. ಸಕ್ಕರೆ ಕಾಯಿಲೆಯವರು ಬೀಚಿನಲ್ಲಿ ಬರಿಗಾಲಿನಲ್ಲಿ ನಡೆಯಲೇಬಾರದು. ಚಿಪ್ಪು, ಮೀನಿನ ಮುಳ್ಳು, ಗಾಜಿನ ಚೂರು ಚುಚ್ಚಿದ್ದು ಸ್ಪರ್ಶ ಕಡಿಮೆಯಾದ ಪಾದಕ್ಕೆ ಗೊತ್ತೇ ಆಗುವುದಿಲ್ಲ.

ಎಷ್ಟು ಜೋರಾಗಿ? ನಡೆಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಗಡಿಯಾರದಲ್ಲಿ ನಾಡಿ ನೋಡಿಕೊಂಡು ನಡೆಯುವವರಿಗೆ ಒಂದು ಎಚ್ಚರಿಕೆ: ಬಿ.ಪಿ. ಮಾತ್ರೆಯ ಹೆಸರು ಮೆಟೊಪ್ರೊಲಾಲ್, ಅಟೆನೊಲಾಲ್ ಅಂತ "ಲಾಲ್"ನಲ್ಲಿ ಮುಗಿದರೆ ನಾಡಿ ಏರುವುದನ್ನು ಅದೇ ತಡೆಯುತ್ತದೆ. ಆಗ ಗಡಿಯಾರ ನಂಬಬೇಡಿ, ಮಾತಿನ ಪರೀಕ್ಷೆ ನಂಬಿ. ಬೆಳಿಗ್ಗೆ ಬಿ.ಪಿ. 180/110 ಮೀರಿದ್ದರೆ ಆ ದಿನ ನಡಿಗೆ ಇಲ್ಲ, ಡಾಕ್ಟರ ಹತ್ತಿರ ಹೋಗಬೇಕು. ನಡೆಯುವಾಗ ಎದೆ ಹಿಡಿದರೆ, ದವಡೆಗೆ ಅಥವಾ ಎಡತೋಳಿಗೆ ನೋವು ಬಂದರೆ ಅಲ್ಲೇ ನಿಲ್ಲಬೇಕು. "ಗ್ಯಾಸ್ ಇರಬೇಕು" ಅಂತ ಗುಂಪಿನವರು ಹೇಳಿದ್ದು ಕೇಳಬಾರದು.

ಸಕ್ಕರೆ ಮಾತ್ರೆ ಯಾವುದು ಅಂತಲೂ ನೋಡಿ. ಬರೀ ಮೆಟ್‌ಫಾರ್ಮಿನ್ ಆದರೆ ಸಕ್ಕರೆ ಇಳಿದುಹೋಗುವ ಭಯ ಕಡಿಮೆ. ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್ ಅಥವಾ ಇನ್ಸುಲಿನ್ ಇದ್ದರೆ ಖಾಲಿ ಹೊಟ್ಟೆಯಲ್ಲಿ ಹೊರಡಬಾರದು. ಜೇಬಿನಲ್ಲಿ ಮೂರು ಚಮಚ ಸಕ್ಕರೆಯ ಪೊಟ್ಟಣ ಇರಲಿ (ಸುಮಾರು 15 ಗ್ರಾಂ). ಇಳಿದ ಲಕ್ಷಣ ಕಂಡರೆ ತಿಂದು 15 ನಿಮಿಷ ಕೂತು ನೋಡುವುದು, ಸುಧಾರಿಸದಿದ್ದರೆ ಮತ್ತೆ ಅಷ್ಟೇ. ಕಾರವಾರದಲ್ಲಿ ಇದನ್ನು ಗುರುತಿಸುವುದು ಸ್ವಲ್ಪ ಕಷ್ಟ, ಯಾಕೆಂದರೆ ಇಲ್ಲಿ ಬೆವರದವರೇ ಇಲ್ಲ. ತಣ್ಣನೆಯ ಬೆವರು, ಕೈ ನಡುಕ, ಮಾತು ತಡವರಿಸುವುದು, ಇವು ಸೇರಿ ಬಂದರೆ ಅದು ಸೆಕೆಯ ಬೆವರಲ್ಲ.

ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡ ಜಗಳ ವೇಗದ್ದು. ನಾಲ್ಕು ಜನ ಮುಂದೆ ಓಡುತ್ತಾರೆ, ಇಬ್ಬರು ಹಿಂದೆ ಉಳಿದು ಒಂದು ತಿಂಗಳಲ್ಲಿ ಬಿಟ್ಟೇಬಿಡುತ್ತಾರೆ. ಇದಕ್ಕೆ ಸುಲಭದ ಉಪಾಯ ಇದೆ. ದೂರದ ಲೆಕ್ಕ ಬಿಟ್ಟು ಹೊತ್ತಿನ ಲೆಕ್ಕ ಹಿಡಿಯಿರಿ. ಎಲ್ಲರೂ ಒಟ್ಟಿಗೆ ಹೊರಟು ತಮ್ಮ ತಮ್ಮ ವೇಗದಲ್ಲಿ ನಡೆಯುವುದು, 20ನೇ ನಿಮಿಷಕ್ಕೆ ಯಾರು ಎಲ್ಲಿದ್ದರೂ ಅಲ್ಲಿಂದಲೇ ತಿರುಗುವುದು. ಆಗ ಹಿಂದೆ ಇದ್ದವರು ಮುಂದಾಗುತ್ತಾರೆ, ಮುಂದಿದ್ದವರು ಹಿಂದಿನಿಂದ ಬಂದು ಕೂಡಿಕೊಳ್ಳುತ್ತಾರೆ, ಹೊರಟ ಜಾಗಕ್ಕೆ ಎಲ್ಲರೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಮುಟ್ಟುತ್ತಾರೆ. ಯಾರಿಗೂ ಕಾಯುವ ಕೆಲಸ ಇಲ್ಲ, ಯಾರಿಗೂ ಹಿಂದೆ ಬಿದ್ದ ಬೇಜಾರೂ ಇಲ್ಲ.

ಇನ್ನೊಂದು, ನಡಿಗೆ ಮುಗಿಸಿ ಎಲ್ಲರೂ ಸೀದಾ ಬನ್ಸ್ ತಿನ್ನಲು ಹೋಗುವ ಗುಂಪಾದರೆ ತೂಕದ ಆಸೆ ಬಿಡಿ. ಮುಕ್ಕಾಲು ಗಂಟೆ ನಡೆದು ಕರಗಿಸಿದ್ದು ಎರಡು ಬನ್ಸ್‌ನಲ್ಲಿ ವಾಪಸ್ ಬರುತ್ತದೆ. ಚಹಾ ಕುಡಿಯಲಿ ಪಾಪ, ಆ ಹತ್ತು ನಿಮಿಷದ ಮಾತೇ ಅರ್ಧ ಔಷಧಿ.

---

ಹಾಜರಿಪುಸ್ತಕ

ರೇತಿದಾರಿಯವರು ದೇಹದ ವಿಷಯ ಹೇಳಿದರು. ನಾನು ಗುಂಪಿನ ವಿಷಯ ಹೇಳುತ್ತೇನೆ, ಯಾಕೆಂದರೆ ಕಾರವಾರ, ಅಂಕೋಲಾ, ಕುಮಟಾ ಎಲ್ಲ ಕಡೆ ಗುಂಪುಗಳು ಸಾಯುವುದು ಒಂದೇ ತಿಂಗಳಲ್ಲಿ: ಜೂನ್. ಘಟ್ಟದ ಮೇಲೆ ಇನ್ನೊಂದು ಸಾವು ಇದೆ, ಅಡಿಕೆ ಕೊಯ್ಲು ಶುರುವಾದಾಗ. ಆದ್ದರಿಂದ ಯಾವಾಗ ಶುರು ಮಾಡಬೇಕು ಅನ್ನುವುದು ಯಾವ ಗುಂಪು ಅನ್ನುವುದಕ್ಕಿಂತ ದೊಡ್ಡ ಪ್ರಶ್ನೆ.

ಅಮೆರಿಕದ ಜೆಫ್ರಿ ಹಾಲ್ ಅನ್ನುವ ಪ್ರಾಧ್ಯಾಪಕರು ಗೆಳೆತನಕ್ಕೆ ಎಷ್ಟು ತಾಸು ಬೇಕು ಅಂತ ಲೆಕ್ಕ ಹಾಕಿದ್ದಾರೆ. ಬರೀ ಮುಖಪರಿಚಯ ಇದ್ದವರು ಸಾಧಾರಣ ಸ್ನೇಹಿತರಾಗಲು ಸುಮಾರು 50 ತಾಸು, ಸ್ನೇಹಿತ ಅನ್ನಿಸಿಕೊಳ್ಳಲು 90, ಆಪ್ತ ಆಗಲು 200ಕ್ಕೂ ಹೆಚ್ಚು. ಅದು ಅಲ್ಲಿಯ ಜನರ ಲೆಕ್ಕ, ನಮ್ಮಲ್ಲಿ "ನಿಮ್ಮ ಊರು ಯಾವುದು, ಯಾರ ಮನೆ" ಅಂತ ಕೇಳಿದ ಐದನೇ ನಿಮಿಷಕ್ಕೆ ನೆಂಟಸ್ತಿಕೆ ಸಿಗುವುದೂ ಉಂಟು. ಆದರೂ ಅಂದಾಜಿಗೆ ಸಾಕು. ದಿನಕ್ಕೆ 45 ನಿಮಿಷ, ವಾರಕ್ಕೆ ಐದು ದಿನ ಅಂದರೆ ಮೂರು ಮುಕ್ಕಾಲು ತಾಸು. 50 ತಾಸಿಗೆ ಹದಿನಾಲ್ಕು ವಾರ, 90ಕ್ಕೆ ಇಪ್ಪತ್ತನಾಲ್ಕು. ಮಳೆ ಹಿಂದೆ ಸರಿದ ಮೇಲೆ ಅಕ್ಟೋಬರ್ ಮೊದಲಲ್ಲಿ ಶುರುವಾದ ಗುಂಪು ಮಾರ್ಚ್ ಕೊನೆಗೆ ಸ್ನೇಹಿತರ ಗುಂಪು ಆಗಿರುತ್ತದೆ, ಜೂನ್ ಬಂದರೆ ತಾಳಿಕೊಳ್ಳುತ್ತದೆ. ಏಪ್ರಿಲ್‌ನಲ್ಲಿ ಶುರುವಾದದ್ದಕ್ಕೆ ಜೂನ್ ಒಳಗೆ ಮೂವತ್ತು ತಾಸು ಕೂಡಿದರೆ ಹೆಚ್ಚು. ಮೊದಲ ಜೋರು ಮಳೆಗೆ ಎಲ್ಲರೂ ಮನೆಯಲ್ಲಿ ಕೂತರೆ ಯಾರೂ ಯಾರನ್ನೂ ನೆನೆಯುವುದಿಲ್ಲ.

ಮಳೆಗಾಲದ ಜಾಗ ಮೇ ಮೊದಲ ವಾರದಲ್ಲೇ ಗೊತ್ತು ಮಾಡಬೇಕು. ದೇವಸ್ಥಾನದ ಚಂದ್ರಶಾಲೆ, ಸಮುದಾಯ ಭವನ, ಯಾರದ್ದಾದರೂ ಮನೆಯ ದೊಡ್ಡ ಜಗಲಿ, ಯಾವುದೂ ಆದೀತು. ಸಂಜೆಯ ಹೊತ್ತು ಒಳ್ಳೆಯದು. ಕೀಲಿ ಇಬ್ಬರ ಹತ್ತಿರ ಇರಬೇಕು. ಕೀಲಿ ಇಟ್ಟುಕೊಂಡವರು ಹುಬ್ಬಳ್ಳಿಗೆ ಹೋದರು ಅಂತ ಎರಡು ದಿನ ಬಾಗಿಲು ತೆಗೆಯದಿದ್ದರೆ ಮೂರನೇ ದಿನ ಯಾರೂ ಬರುವುದಿಲ್ಲ. ಚೌತಿಗೆ ನಿಲ್ಲಿಸಿದರೆ ಮತ್ತೆ ಶುರುವಾಗುವ ತಾರೀಕನ್ನು ನಿಲ್ಲಿಸುವ ದಿನವೇ ಹೇಳಿಬಿಡಿ. "ಹಬ್ಬ ಮುಗಿದ ಮೇಲೆ ನೋಡುವ" ಅಂದರೆ ಆಯ್ತು, ದೀಪಾವಳಿಗೇ ಮತ್ತೆ ಮಾತು.

ಸಂಖ್ಯೆ ಎಂಟರಿಂದ ಹನ್ನೆರಡು ಇರಲಿ. ನಾಲ್ಕು ಜನರ ಗುಂಪು ಇಬ್ಬರಿಗೆ ಜ್ವರ ಬಂದರೆ ಮುಗಿಯಿತು. ಇಪ್ಪತ್ತು ಆದರೆ ಒಳಗೊಳಗೇ ಮೂರು ಪಂಗಡ ಆಗುತ್ತದೆ, ಹೊಸಬರು ಯಾವುದಕ್ಕೂ ಸೇರದೆ ಬಾಲದಲ್ಲಿ ನಡೆಯುತ್ತಾರೆ. ಇಬ್ಬರೇ ಬಂದರೂ ಹೇಳಿದ ಹೊತ್ತಿಗೆ ಹೊರಡಬೇಕು. ಕಾಯುವ ಗುಂಪು ಪ್ರತಿ ವಾರ ಐದು ನಿಮಿಷ ತಡವಾಗುತ್ತಾ ಹೋಗುತ್ತದೆ.

ಒಂದು ಸಣ್ಣ ಪುಸ್ತಕದಲ್ಲಿ ಹಾಜರಿ ಬರೆಯಿರಿ. ಶಾಲೆಯ ಹಾಗೆ ಅನ್ನಿಸಬಹುದು, ಆದರೆ ಇದರ ಕೆಲಸ ಬೇರೆ. ಯಾರಾದರೂ ಸತತ ಎರಡು ದಿನ ಬರದಿದ್ದರೆ ಅಂದೇ ಒಬ್ಬರು ಫೋನ್ ಮಾಡಬೇಕು, ಮೆಸೇಜ್ ಅಲ್ಲ. ಯಾರು ಮಾಡುವುದು ಅಂತ ವಾರಕ್ಕೊಬ್ಬರ ಹೆಸರು ಮೊದಲೇ ಬರೆದಿರಲಿ, ಇಲ್ಲದಿದ್ದರೆ ಬೇರೆ ಯಾರೋ ಮಾಡಿದ್ದಾರೆ ಅಂತ ಎಲ್ಲರೂ ಸುಮ್ಮನಿರುತ್ತಾರೆ. ಒಂಟಿಯಾಗಿ ಇರುವ ಹಿರಿಯರು ಬಚ್ಚಲಲ್ಲಿ ಜಾರಿ ಬಿದ್ದರೆ ಗೊತ್ತಾಗುವುದು ಇಂಥ ಫೋನಿನಿಂದಲೇ.

ಹೊಸಬರಿಗೆ ಎರಡನೇ ವಾರದಲ್ಲೇ ಒಂದು ಕೆಲಸ ಕೊಡಿ. ಬಿ.ಪಿ. ಯಂತ್ರ ತರುವುದು, ಚಹಾದ ಲೆಕ್ಕ, ಪುಸ್ತಕ ಬರೆಯುವುದು, ಏನಾದರೂ. ಬರೀ ಬಂದು ಹೋಗುವವರು ಉಳಿಯುವುದಿಲ್ಲ.

ವಾಟ್ಸಪ್‌ನಲ್ಲಿ ಹೊತ್ತು, ಜಾಗ, "ಇವತ್ತು ಇಲ್ಲ", ಈ ಮೂರು ಬಿಟ್ಟು ಬೇರೆ ಏನೂ ಬೇಡ. ಶುಭೋದಯದ ಹೂವು, ರಾಜಕೀಯ, ಕ್ಯಾನ್ಸರ್‌ಗೆ ಮನೆಮದ್ದು ಶುರುವಾದರೆ ಮೂರು ತಿಂಗಳಲ್ಲಿ ಗುಂಪು ಬರೀ ಫೋನಿನಲ್ಲಿ ಇರುತ್ತದೆ, ಕಾಂಕ್ರೀಟ್ ದಾರಿಯಲ್ಲಿ ಯಾರೂ ಇರುವುದಿಲ್ಲ. ಸೊಸೈಟಿ ನೋಂದಣಿ, ಪದಾಧಿಕಾರಿ, ಬ್ಯಾನರು ಇದಕ್ಕೆಲ್ಲ ಅವಸರ ಬೇಡ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಏಳು ಜನ ಇದ್ದರೆ ನೋಂದಾಯಿಸಬಹುದು, ಆದರೆ ಬಾಡಿಗೆ ಕರಾರು ಅಥವಾ ಅನುದಾನ ಬೇಕಾಗುವವರೆಗೆ ಅದರ ಅಗತ್ಯ ಇಲ್ಲ. ಅಧ್ಯಕ್ಷಗಿರಿ ಬಂದ ದಿನವೇ ಜಗಳವೂ ಬರುತ್ತದೆ ಮಾರಾಯ್ರೆ.

---

ಅಂಕಿಸಂಖ್ಯೆ

ಒಂದು ತಕರಾರು. ಗುಂಪು ಸೇರಿದವರು ಆರೋಗ್ಯವಾಗಿದ್ದಾರೆ ಅಂತ ತೋರಿಸುವ ಬಹಳಷ್ಟು ಅಧ್ಯಯನಗಳಲ್ಲಿ ಯಾವುದು ಕಾರಣ, ಯಾವುದು ಫಲ ಅಂತ ಹೇಳಲು ಬರುವುದಿಲ್ಲ. ಆರೋಗ್ಯ ಇದ್ದವರೇ ಹೊರಗೆ ಹೋಗುತ್ತಾರೆ, ಮಂಡಿ ಹಿಡಿದವರು ಮನೆಯಲ್ಲಿ ಕೂರುತ್ತಾರೆ. 2010ರಲ್ಲಿ 148 ಅಧ್ಯಯನಗಳನ್ನು ಸೇರಿಸಿ ನೋಡಿದಾಗ (ಮೂರು ಲಕ್ಷಕ್ಕೂ ಹೆಚ್ಚು ಜನ) ಸಾಮಾಜಿಕ ಸಂಬಂಧ ಗಟ್ಟಿ ಇದ್ದವರು ಆ ಅವಧಿಯಲ್ಲಿ ಬದುಕಿ ಉಳಿಯುವ ಸಾಧ್ಯತೆ 50 ಶೇಕಡಾ ಹೆಚ್ಚು ಅಂತ ಕಂಡಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಆಯೋಗ 2025ರಲ್ಲಿ ಕೊಟ್ಟ ವರದಿಯಲ್ಲಿ ಜಗತ್ತಿನ ಆರು ಜನರಲ್ಲಿ ಒಬ್ಬರಿಗೆ ಒಂಟಿತನ ಕಾಡುತ್ತಿದೆ, ವರ್ಷಕ್ಕೆ 8 ಲಕ್ಷ 71 ಸಾವಿರ ಸಾವಿಗೆ ಅದರ ನಂಟಿದೆ ಅಂತ ಇದೆ. ಅಂಕಿ ದೊಡ್ಡದೇ. ಆದರೆ ಅಲ್ಲಿ ಅಳೆದದ್ದು ಸಂಬಂಧವನ್ನು, ಸದಸ್ಯತ್ವದ ರಶೀದಿಯನ್ನಲ್ಲ. ಹೆಸರು ಬರೆಸಿ ತಿಂಗಳಿಗೊಮ್ಮೆ ಊಟಕ್ಕೆ ಹೋಗುವ ಸಂಘದಿಂದ ಈ ಲಾಭ ಬರುತ್ತದೆ ಅಂತ ಇವು ಹೇಳುವುದಿಲ್ಲ.

ಗುಂಪಿನಿಂದ ಹಾನಿಯೂ ಆಗುತ್ತದೆ ಅಂತ ಬರೆದಿಡಿ. "ನಾನು ಮಾತ್ರೆ ಬಿಟ್ಟೆ, ನೋಡಿ ಎಷ್ಟು ಚೆನ್ನಾಗಿದ್ದೇನೆ" ಅನ್ನುವವರು ಪ್ರತಿ ವಾಕಿಂಗ್ ಗುಂಪಿನಲ್ಲೂ ಒಬ್ಬರು ಇದ್ದೇ ಇರುತ್ತಾರೆ. ಇನ್ನೊಬ್ಬರು ಯಾವುದೋ ಪುಡಿಯ ಡಬ್ಬಿ ಮಾರುತ್ತಾ, ನಿಮ್ಮನ್ನೂ ಕೆಳಗಿನ ಸದಸ್ಯರನ್ನಾಗಿ ಮಾಡಲು ನೋಡುತ್ತಾರೆ. ಗುಂಪಿನಲ್ಲಿ ಮಾರಾಟವೂ ಇಲ್ಲ, ಸಾಲವೂ ಇಲ್ಲ ಅಂತ ಮೊದಲ ದಿನವೇ ಬಾಯಿಬಿಟ್ಟು ಹೇಳಬೇಕು. ಆಮೇಲೆ ಹೇಳಿದರೆ ಒಬ್ಬರಿಗೆ ಬೆರಳು ತೋರಿಸಿದ ಹಾಗೆ ಆಗುತ್ತದೆ.

---

ಮದ್ದಲೆ ಮೂಲೆ

ತಂಗಿ, ಅರ್ಥ ಹೇಳುತ್ತಿದ್ದವರನ್ನು ವಾಕಿಂಗಿಗೆ ಮಾತ್ರ ಕಳಿಸಿದರೆ ಅರ್ಧ ಮನುಷ್ಯನನ್ನು ಮನೆಯಲ್ಲಿ ಬಿಟ್ಟ ಹಾಗೆ. ತಾಳಮದ್ದಲೆಗೆ ವೇಷ ಬೇಡ, ರಂಗಸ್ಥಳ ಬೇಡ, ಮಂಡಿ ಬೇಡ. ಮಳೆಗಾಲಕ್ಕೆ ಹೇಳಿ ಮಾಡಿಸಿದ ಕಲೆ. ಮಳೆಗಾಲದಲ್ಲಿ ಮೇಳದ ಆಟ ನಿಂತಿರುವಾಗ ಜಗಲಿಯಲ್ಲಿ ಕೂಟ ಕೂರುವುದು ಮೊದಲಿನಿಂದ ಬಂದದ್ದೇ. ನೀವು ಕೇಳಿದ ಜೂನ್‌ನ ಪ್ರಶ್ನೆಗೆ ಉತ್ತರ ನಿಮ್ಮ ಅಪ್ಪನ ಹತ್ತಿರವೇ ಇದೆ.

ಪದ (ಹಾಡು) ಹೇಳುವ ಭಾಗವತರು ಒಬ್ಬರು, ಮದ್ದಲೆಗೆ ಒಬ್ಬರು, ಅರ್ಥಕ್ಕೆ ನಾಲ್ವರು, ಆರು ಜನ ಸಾಕು. ವಾಲಿವಧೆಯಂಥ ಕಥಾಭಾಗ ತೆಗೆದುಕೊಳ್ಳಿ: ಸುಗ್ರೀವ, ವಾಲಿ, ತಾರೆ, ರಾಮ, ನಾಲ್ಕೇ ಪಾತ್ರ, ಎಲ್ಲರಿಗೂ ಮಾತಿದೆ. ಮಿದುಳಿಗೆ ಇದರಷ್ಟು ಕೆಲಸ ಕೊಡುವ ಹವ್ಯಾಸ ಕಡಿಮೆ. ಪದ ಕೇಳಬೇಕು, ಅದರ ಅರ್ಥ ಹಿಡಿಯಬೇಕು, ಎದುರಿನವರು ಈಗಷ್ಟೇ ಹಾಕಿದ ಪಾಟೀಸವಾಲಿಗೆ ಅಲ್ಲೇ ಉತ್ತರ ಹೊಳೆಯಬೇಕು.

ಎಲ್ಲಿ ಕೆಡುತ್ತದೆ ಅಂದರೆ, ಒಬ್ಬರು ಮಾತು ಬಿಡುವುದಿಲ್ಲ. ವಾಲಿ ಪಾತ್ರಧಾರಿ ನಲವತ್ತು ನಿಮಿಷ ತೆಗೆದುಕೊಂಡರೆ ತಾರೆಗೆ ಐದು ನಿಮಿಷ ಉಳಿಯುತ್ತದೆ, ಮುಂದಿನ ವಾರ ತಾರೆ ಬರುವುದಿಲ್ಲ. ಒಂದು ಪದಕ್ಕೆ ಎಂಟು ನಿಮಿಷ ಅಂತ ಇಟ್ಟುಕೊಳ್ಳಿ. ಮೀರಿದರೆ ಭಾಗವತರು ಮುಂದಿನ ಪದ ಎತ್ತಬೇಕು. ಪದ ಎತ್ತಿದ ಮೇಲೆ ಯಾರೂ ಮಾತು ಮುಂದುವರಿಸುವ ಹಾಗಿಲ್ಲ, ಅದು ಕೂಟದ ಮರ್ಯಾದೆ. ಗಡಿಯಾರ ತೋರಿಸಿದರೆ ಅವಮಾನ, ಪದ ಎತ್ತಿದರೆ ಅಲ್ಲ. ಇನ್ನೊಂದು, ವಾದದ ಬಿಸಿ ಪಾತ್ರ ಬಿಟ್ಟು ಮನುಷ್ಯರಿಗೆ ತಗಲಿ ವರ್ಷಗಟ್ಟಲೆ ಮಾತು ಬಿಟ್ಟ ಅರ್ಥಧಾರಿಗಳು ಬೇಕಾದಷ್ಟು ಇದ್ದಾರೆ. ಈ ವಾರ ವಾಲಿಯಾದವರನ್ನು ಮುಂದಿನ ವಾರ ಸುಗ್ರೀವ ಮಾಡಿ, ತಣ್ಣಗಾಗುತ್ತಾರೆ. ಸಂಜೆ ನಾಲ್ಕೂವರೆಯಿಂದ ಆರೂವರೆ, ಎರಡು ತಾಸು, ಅಷ್ಟೇ. ರಾತ್ರಿಯಿಡೀ ಕೂಟ ಬಿ.ಪಿ. ಮಾತ್ರೆಯವರಿಗಲ್ಲ, ನಿದ್ರೆಯೂ ಹೋಗುತ್ತದೆ, ಮಾತ್ರೆಯ ಹೊತ್ತೂ ತಪ್ಪುತ್ತದೆ.

ಜುಲೈಯ ಥಂಡಿಗೆ ಮದ್ದಲೆಯ ಮುಚ್ಚಿಗೆ ಸಡಿಲಾಗಿ ನಾದ ಕೂರುವುದಿಲ್ಲ. ಅಡುಗೆಮನೆಯ ಬೆಚ್ಚನೆ ಗೋಡೆಯ ಹತ್ತಿರ ಇಡಿ, ಒಲೆಯ ಮೇಲಲ್ಲ. ಅತಿ ಬಿಸಿಗೆ ಒಣಗಿದ ಚರ್ಮ ಬಿರಿಯುತ್ತದೆ.

ಭಜನೆಯ ಬಗ್ಗೆ ಕೇಳಿದಿರಿ. ಇಂಗ್ಲೆಂಡಿನಲ್ಲಿ ವಯಸ್ಕರ ತರಗತಿಗಳನ್ನು ಏಳು ತಿಂಗಳು ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಹಾಡುವ ತರಗತಿಯವರು ಮೊದಲ ತಿಂಗಳಲ್ಲೇ ಒಬ್ಬರಿಗೊಬ್ಬರು ಹತ್ತಿರವಾದರು, ಕರಕುಶಲ ಮತ್ತು ಬರವಣಿಗೆ ತರಗತಿಯವರು ನಿಧಾನಕ್ಕೆ ಬಂದು ಕೊನೆಗೆ ಅಲ್ಲಿಗೇ ಮುಟ್ಟಿದರು. ಹೊಸ ಊರಿನಲ್ಲಿ ಪರಿಚಯ ಇಲ್ಲದವರಿಗೆ ಆ ಮೊದಲ ತಿಂಗಳೇ ಮುಖ್ಯ. ಅದಕ್ಕೆ ಭಜನೆ ಒಳ್ಳೆಯದು: ಏನು ಮಾತಾಡಬೇಕು ಅನ್ನುವ ತೊಂದರೆ ಇಲ್ಲ.

ಭಜನಾ ಮಂಡಳಿಯಲ್ಲಿ ಗಂಟಲು ಕೆಡುವುದು ಶ್ರುತಿಯಿಂದ. ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಗಂಡಸರಿಗೆ ಕಪ್ಪು ಒಂದರ ಸುತ್ತ ಅನುಕೂಲ, ಹೆಂಗಸರಿಗೆ ಬಿಳಿ ನಾಲ್ಕು, ಐದು. ಎಲ್ಲರೂ ಒಂದೇ ಶ್ರುತಿಯಲ್ಲಿ ಅಂತ ಹೊರಟರೆ ಯಾರಾದರೂ ಒಬ್ಬರು ಕಿರುಚಬೇಕು, ಇಲ್ಲ ಗೊಣಗಬೇಕು. ಅರ್ಧದಷ್ಟು ಹಾಡುಗಳನ್ನು ಒಂದು ಶ್ರುತಿಯಲ್ಲಿ, ಉಳಿದವನ್ನು ಇನ್ನೊಂದರಲ್ಲಿ ಹೇಳಿ, ತಮ್ಮದಲ್ಲದ ಶ್ರುತಿಯವರು ಬರೀ ತಾಳ ಹಾಕಲಿ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಒಂದೂವರೆ ತಾಸು ಕೂರುವುದು ನಿಮ್ಮ ಅಪ್ಪನ ಮಂಡಿಗೆ ಆಗದು. ಕುರ್ಚಿ ಕೇಳಲು ನಾಚಿಕೆ ಪಡುತ್ತಾರೆ, ಆದ್ದರಿಂದ ಹೋಗುವ ಮೊದಲೇ ಮಂಡಳಿಯವರಿಗೆ ನೀವೇ ಹೇಳಿ ಮೂರು ಕುರ್ಚಿ ಹಾಕಿಸಿ. ಒಂದೇ ಹಾಕಿದರೆ ಅದರಲ್ಲಿ ಯಾರೂ ಕೂರುವುದಿಲ್ಲ.

---

ಕೋಡಿಬಾಗದ ಮಗಳು

ಎಲ್ಲರಿಗೂ ಧನ್ಯವಾದ. ಅಪ್ಪನಿಗೆ ಓದಿ ಹೇಳಿದೆ, ವಾಲಿವಧೆ ಅಂದಾಗ ಟಿ.ವಿ. ಸೌಂಡು ಕಡಿಮೆ ಮಾಡಿದರು. ಆದರೆ "ಈಗ ಬೇಡ, ನೋಡುವ" ಅನ್ನುವುದು ಬಿಟ್ಟು ಬೇರೆ ಮಾತಿಲ್ಲ. ಯಾಕೆ ಅಂತ ಕೇಳಿದರೆ ಹೇಳುವುದಿಲ್ಲ. ಮತ್ತೆ ಅಮ್ಮನಿಗೆ ಏನು ಮಾಡಬಹುದು? ಅವಳು ಬೆಳಿಗ್ಗೆ ಹೊರಗೆ ಹೋಗುವ ಮಾತೇ ಇಲ್ಲ, ತಿಂಡಿ, ಡಬ್ಬಿ ಅವಳದ್ದೇ. ಮಳೆಗಾಲದಲ್ಲಿ ಒಳಗೆ ಮಾಡುವ ವ್ಯಾಯಾಮ ಏನು ಅಂತ ಯಾರಾದರೂ ಬಿಡಿಸಿ ಹೇಳಿದರೆ ಉಪಕಾರ.

---

ಹೊನ್ನಾವರ ದಾದಿ

"ನೋಡುವ" ಅನ್ನುವುದರ ಹಿಂದೆ ಹೆಚ್ಚಿನ ಸಲ ಎರಡು ಕಾರಣ ಇರುತ್ತವೆ, ಎರಡನ್ನೂ ಗಂಡಸರು ಬಾಯಿಬಿಟ್ಟು ಹೇಳುವುದಿಲ್ಲ.

ಮೊದಲನೆಯದು ಮೂತ್ರ. ಬಿ.ಪಿ. ಮಾತ್ರೆಯಲ್ಲಿ ನೀರು ಇಳಿಸುವ ಔಷಧಿ ಸೇರಿದ್ದರೆ ಬೆಳಿಗ್ಗೆ ನುಂಗಿದ ಎರಡು ತಾಸಿನೊಳಗೆ ಎರಡು ಮೂರು ಸಲ ಹೋಗಬೇಕಾಗುತ್ತದೆ. ಈ ವಯಸ್ಸಿಗೆ ಪ್ರಾಸ್ಟೇಟ್ ದೊಡ್ಡದಾಗಿರುವುದೂ ಸಾಮಾನ್ಯ. ಬೀಚಿನಲ್ಲಿ ಶೌಚಾಲಯ ಎಲ್ಲಿ ಅಂತ ಗೊತ್ತಿಲ್ಲದವರು ಹೊರಡುವುದೇ ಇಲ್ಲ. ಮಾತ್ರೆಯನ್ನು ನಡಿಗೆ ಮುಗಿಸಿ ಬಂದ ಮೇಲೆ ತೆಗೆದುಕೊಳ್ಳಬಹುದಾ ಅಂತ ಡಾಕ್ಟರನ್ನು ಕೇಳಿ, ನೀವಾಗಿ ಬದಲಿಸಬೇಡಿ. ನಡೆಯುವ ದಾರಿಯ ನಡುವೆ ಒಂದು ಶೌಚಾಲಯ ಇರುವ ಹಾಗೆ ನೋಡಿ, ಅವರಿಗೆ ಒಮ್ಮೆ ತೋರಿಸಿ ಬನ್ನಿ.

ಎರಡನೆಯದು ಕಿವಿ. ಟಿ.ವಿ. ಸೌಂಡು ಕಡಿಮೆ ಮಾಡಿದರು ಅಂತ ಬರೆದಿದ್ದೀರಿ. ಅದು ಮೊದಲು ಎಷ್ಟಿತ್ತು? ಪಕ್ಕದ ಮನೆಗೆ ಕೇಳುವಷ್ಟು ಇದ್ದರೆ ಕಿವಿ ಪರೀಕ್ಷೆ ಮಾಡಿಸಿ. ಮನೆಯಲ್ಲಿ ಒಬ್ಬರ ಮಾತು ಕೇಳುತ್ತದೆ, ಹತ್ತು ಜನ ಒಟ್ಟಿಗೆ ಮಾತಾಡಿದಾಗ ಶಬ್ದ ಬರುತ್ತದೆ, ಮಾತು ತಿಳಿಯುವುದಿಲ್ಲ. ತಪ್ಪು ಉತ್ತರ ಕೊಟ್ಟು ನಗೆಪಾಟಲಾಗುವುದಕ್ಕಿಂತ ಮನೆಯೇ ವಾಸಿ ಅನ್ನಿಸುತ್ತದೆ. ಎಷ್ಟೋ ಸಲ ಬರೀ ಗುಗ್ಗೆ ಕಟ್ಟಿರುತ್ತದೆ, ತೆಗೆಸಿದರೆ ಆಯ್ತು. ಇನ್ನು ಕಾರವಾರದಲ್ಲಿ ಗುಂಪಿನ ಮಾತು ಕೊಂಕಣಿಗೆ ಹೊರಳುವುದು ಸಹಜ. ಘಟ್ಟದ ಮೇಲಿನಿಂದ ಬಂದವರಿಗೆ ಕಿವಿಯೂ ಮಂದ, ಭಾಷೆಯೂ ಹೊಸತು ಅಂದರೆ ಎರಡು ಪಟ್ಟು ಕಷ್ಟ. ಇದಕ್ಕೆ ಮೊದಲ ಎರಡು ವಾರ ಒಬ್ಬರೇ ಜೊತೆಗಾರರನ್ನು ಹುಡುಕಿ, ಇಬ್ಬರೇ ಪಕ್ಕಪಕ್ಕ ನಡೆಯಲಿ. ಕಿವಿ ಚೆನ್ನಾಗಿರುವ ಕಡೆಗೆ ಆ ಜೊತೆಗಾರರು ಇರಬೇಕು. ಒಳಗೆ ಕೂರುವಾಗ ಗೋಡೆಗೆ ಬೆನ್ನು ಹಾಕಿ, ಮಾತಾಡುವವರ ಬಾಯಿ ಕಾಣುವ ಹಾಗೆ ಕೂರಿಸಿ.

ಮಳೆಗಾಲದ ವ್ಯಾಯಾಮಕ್ಕೆ ಬೇಕಾದದ್ದು ತೋಳಿಲ್ಲದ, ಅಲ್ಲಾಡದ ಕುರ್ಚಿ, ಅದನ್ನು ಗೋಡೆಗೆ ತಾಗಿಸಿ. ಪ್ಲಾಸ್ಟಿಕ್ ಕುರ್ಚಿ ಟೈಲ್ಸ್ ಮೇಲೆ ಜಾರುತ್ತದೆ, ಮರದ್ದು ಇರಲಿ. ಮೊದಲ ದಿನ ಒಂದು ಅಳತೆ ತೆಗೆದಿಡಿ: ಕೈಗಳನ್ನು ಎದೆಯ ಮೇಲೆ ಅಡ್ಡ ಹಾಕಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರಲು ಆಗುತ್ತದೆ. 60ರಿಂದ 64ರ ಗಂಡಸರಿಗೆ 14ಕ್ಕಿಂತ ಕಡಿಮೆ, ಹೆಂಗಸರಿಗೆ 12ಕ್ಕಿಂತ ಕಡಿಮೆ ಬಂದರೆ ಕಾಲಿನ ಬಲ ಸಾಲದು, ಬೀಳುವ ಅಪಾಯ ಹೆಚ್ಚು ಅಂತ ಲೆಕ್ಕ. ಕೈ ಊರಿ ಎದ್ದರೆ ಸೊನ್ನೆ. ತಿಂಗಳಿಗೊಮ್ಮೆ ಹಾಜರಿ ಪುಸ್ತಕದಲ್ಲೇ ಬರೆಯಿರಿ. ತೂಕ ಇಳಿಯದಿದ್ದರೂ ಈ ಅಂಕಿ ಏರುವುದು ಕಣ್ಣಿಗೆ ಕಾಣುತ್ತದೆ, ಜನ ಅದಕ್ಕಾಗಿಯೇ ಬರುತ್ತಾರೆ.

ಆಮೇಲೆ ವಾರಕ್ಕೆ ಮೂರು ದಿನ ಇಷ್ಟು: ಐದು ನಿಮಿಷ ನಿಂತಲ್ಲೇ ಹೆಜ್ಜೆ ಹಾಕುವುದು, ಕುರ್ಚಿಯಿಂದ ಎದ್ದು ಕೂರುವುದು ಹತ್ತರಂತೆ ಎರಡು ಸಲ, ಗೋಡೆಗೆ ಕೈ ಇಟ್ಟು ಹಿಮ್ಮಡಿ ಎತ್ತುವುದು ಹತ್ತರಂತೆ ಎರಡು ಸಲ, ಒಂಟಿ ಕಾಲಿನಲ್ಲಿ ಹತ್ತು ಸೆಕೆಂಡು ನಿಲ್ಲುವುದು ಪ್ರತಿ ಕಾಲಿಗೆ ಮೂರು ಸಲ, ಗೋಡೆಯ ಪಕ್ಕ ಹಿಮ್ಮಡಿಗೆ ಬೆರಳು ತಾಗಿಸಿ ಹತ್ತು ಹೆಜ್ಜೆ. ಎದ್ದು ಕೂರುವಾಗ ಉಸಿರು ಬಿಗಿ ಹಿಡಿದರೆ ಬಿ.ಪಿ. ಏರುತ್ತದೆ, ಅದಕ್ಕೇ ಎಲ್ಲರೂ ಜೋರಾಗಿ ಎಣಿಸಬೇಕು. ಎಣಿಸುವವರಿಗೆ ಉಸಿರು ಹಿಡಿಯಲು ಆಗುವುದಿಲ್ಲ. ಮಂಡಿ ನೋಯುವವರು ಕುರ್ಚಿಯ ಮೇಲೆ ದಪ್ಪ ದಿಂಬು ಹಾಕಿ ಎತ್ತರ ಮಾಡಿಕೊಳ್ಳಲಿ. ಎಲ್ಲಾ ಸೇರಿ 25 ನಿಮಿಷ. ಮಳೆಯಲ್ಲಿ ಜನ ಬೀಳುವುದು ಹೆಚ್ಚಾಗಿ ವ್ಯಾಯಾಮದಲ್ಲಿ ಅಲ್ಲ, ಅಲ್ಲಿಗೆ ಬರುವ ದಾರಿಯ ಹಾವಸೆ ಹಿಡಿದ ಚಿರೆಕಲ್ಲಿನ ಮೆಟ್ಟಿಲಿನಲ್ಲಿ. ಮೇ ಕೊನೆಗೇ ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಿಸಿ.

ಅಮ್ಮನಿಗೆ ಬೆಳಗಿನ ಗುಂಪು ಹುಡುಕಬೇಡಿ, ಸಂಜೆ ನಾಲ್ಕರದ್ದು ಹುಡುಕಿ. ನಿಮ್ಮ ಬೀದಿಯಲ್ಲಿ ಸ್ವಸಹಾಯ ಸಂಘ ಇದ್ದರೆ ಅಲ್ಲಿ ಹತ್ತಿಪ್ಪತ್ತು ಜನ ಹೆಂಗಸರು ಹೇಗೂ ವಾರಕ್ಕೊಮ್ಮೆ ಸೇರುತ್ತಾರೆ. ಸಭೆಯ ಮೊದಲು ಈ 25 ನಿಮಿಷ ಸೇರಿಸಿ ಅಂತ ಕೇಳಬಹುದು. ಸಭೆ ಮುಗಿದ ಮೇಲೆ ಅಲ್ಲ, ಕಂತಿನ ಲೆಕ್ಕ ಆದ ಮೇಲೆ ಯಾರಿಗೂ ಕಾಲು ಎತ್ತುವ ಮನಸ್ಸು ಇರುವುದಿಲ್ಲ. ಸಾಲ ಬೇಡ ಅಂತಿದ್ದರೆ ವ್ಯಾಯಾಮಕ್ಕೆ ಮಾತ್ರ ಬರುತ್ತೇನೆ ಅಂತ ಮೊದಲೇ ಹೇಳಲಿ.

---

ರೇತಿದಾರಿ

ದಾದಿಯವರ ಮಾತಿಗೆ ಒಂದು ಸೇರಿಸುತ್ತೇನೆ. ರಜೆಯಲ್ಲಿ ಊರಿಗೆ ಹೋದಾಗ ನಡಿಗೆಯ ಅಭ್ಯಾಸ ಬಿಡಬಾರದು ಅಂತ ಅಪ್ಪ ಕಾಡಿನ ದಾರಿ ಹಿಡಿದರೆ ಡಿಸೆಂಬರ್‌ನಿಂದ ಮೇವರೆಗೆ ತಡೆಯಿರಿ. ಸಿದ್ದಾಪುರ, ಶಿರಸಿ ಕಡೆ ಮಂಗನ ಕಾಯಿಲೆ ಹರಡುವ ಉಣುಗು ಕಚ್ಚುವ ಕಾಲ ಅದು. ಹೋಗಲೇಬೇಕಾದರೆ ಉಣುಗು ಹತ್ತದ ಹಾಗೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಕೈಕಾಲಿಗೆ ಹಚ್ಚಿ, ತುಂಬು ಬಟ್ಟೆ ಹಾಕಿ, ಬಂದ ಕೂಡಲೇ ಬಿಸಿನೀರಿನ ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಊರಲ್ಲಿ ಡಾಂಬರು ರಸ್ತೆಯೇ ಸಾಕು.

ಮತ್ತೆ ಕಾರವಾರದಲ್ಲಿ ಮನೆಯಿಂದ ಬೀಚಿಗೆ ಬರಲು ಹೆದ್ದಾರಿ 66 ದಾಟಬೇಕಾದರೆ ಬೆಳಕು ಹರಿದ ಮೇಲೆಯೇ ಬರಲಿ. ಐದು ಗಂಟೆಯ ಗುಂಪು ಎಷ್ಟು ಒಳ್ಳೆಯದಾದರೂ ಬೇಡ, ಆರೂವರೆಯದ್ದು ಹುಡುಕಿ.

---

ಮದ್ದಲೆ ಮೂಲೆ

ಅಪ್ಪನಿಗೆ ಒಂದು ಮಾತು ಕೇಳಿ ನೋಡಿ ತಂಗಿ: "ವಾಲಿ ಹೇಳ್ತೀರೋ, ಸುಗ್ರೀವನೋ?" "ಬರ್ತೀರಾ" ಅಂತ ಕೇಳಬೇಡಿ.